ದ್ರಾಕ್ಷಿ ಕಣಿವೆಯ ಸಾಲ್ಮನ್

ಕ್ಯಾಲಿಫೋರ್ನಿಯಾದ ಸನೋಮಾ ಕೌಂಟಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ ಹೀಲ್ಡ್ಸ್‌ಬರ್ಗ್ ಎಂಬ ಸಣ್ಣ ಪಟ್ಟಣವಿದೆ. ಅದರ ವಾಯವ್ಯಕ್ಕೆ ಚಾಚಿಕೊಂಡಿರುವುದೇ ಡ್ರೈ ಕ್ರೀಕ್ ಕಣಿವೆ. ಉದ್ದ ಸುಮಾರು 25 ಕಿಲೋಮೀಟರ್, ಅಗಲ ಮೂರು ಕಿಲೋಮೀಟರ್ ದಾಟದು. ಕಣಿವೆಯ ನಡುವೆ ಹರಿಯುವ ಡ್ರೈ ಕ್ರೀಕ್ ಹೊಳೆ ಪಟ್ಟಣದ ಕೆಳಗೆ ರಷ್ಯನ್ ನದಿಯನ್ನು ಸೇರುತ್ತದೆ. ಕಣಿವೆಯ ಮೇಲ್ತುದಿಯಲ್ಲಿ ವಾರ್ಮ್ ಸ್ಪ್ರಿಂಗ್ಸ್ ಅಣೆಕಟ್ಟು, ಅದರ ಬುಡದಲ್ಲಿ ಡಾನ್ ಕ್ಲಾಸನ್ ಮೀನುಮರಿ ಉತ್ಪಾದನಾ ಕೇಂದ್ರ, ಅಲ್ಲಿಂದ ಕೆಳಕ್ಕೆ ಹೊಳೆಯ ಎರಡೂ ದಡಗಳಲ್ಲಿ ದ್ರಾಕ್ಷಿ ತೋಟಗಳು, ವೈನರಿಗಳು. ಬೆಳಿಗ್ಗೆ ಮೀನುಮರಿ ಕೇಂದ್ರ ನೋಡಿ, ಮಧ್ಯಾಹ್ನ ವೈನರಿಯ ಟೇಸ್ಟಿಂಗ್ ರೂಮಿನಲ್ಲಿ ವೈನ್ ಸವಿದು ಹಿಂದಿರುಗುವ ಒಂದು ದಿನದ ವಿಹಾರ ಇಲ್ಲಿ ರೂಢಿಯಾಗಿದೆ. ಮೀನಿಗೂ ವೈನಿಗೂ ಏನು ನಂಟು ಎಂದು ಹೊರಗಿನವರಿಗೆ ಅನಿಸಬಹುದು. ನಂಟು ಇರುವುದು ನೀರಿನಲ್ಲಿ. ಒಂದೇ ಹೊಳೆಯ ನೀರನ್ನು ಸಾಲ್ಮನ್ ಮತ್ತು ದ್ರಾಕ್ಷಿ ಹಂಚಿಕೊಂಡದ್ದರ, ಆ ಹಂಚಿಕೆಯಲ್ಲಿ ಮೀನು ಬಹುಕಾಲ ಸೋತದ್ದರ ಇತಿಹಾಸ ಈ ಕಣಿವೆಯದು.

ಇಲ್ಲಿನ ಮಳೆಗಾಲ ನಮ್ಮದಕ್ಕೆ ತೀರ ವಿರುದ್ಧ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಳಿಯೊಂದಿಗೆ ಮಳೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿಯೂ ಬೀಳುವುದಿಲ್ಲ. ಅಣೆಕಟ್ಟು ಬರುವ ಮೊದಲು ಡ್ರೈ ಕ್ರೀಕ್ ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಿಗೆಗೆ ತನ್ನ ಕೆಳಹರಿವಿನಲ್ಲಿ ಬತ್ತುತ್ತಿತ್ತು. ಅದನ್ನು ಸೇರುವ ಸಣ್ಣ ಹಳ್ಳಗಳಲ್ಲಿ ಮಾತ್ರ, ಮರಗಳ ನೆರಳಿನ ಮಡುಗಳಲ್ಲಿ ತಂಪು ನೀರು ಉಳಿಯುತ್ತಿತ್ತು. ಕೋಹೊ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಎಂಬ ಎರಡು ಮೀನುಗಳ ಬದುಕು ಈ ಏರಿಳಿತಕ್ಕೆ ಸರಿಯಾಗಿ ಹೊಂದಿಕೊಂಡಿತ್ತು. ಇವು ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ಜಾತಿಯವು. ಮೊದಲ ಮಳೆಗೆ ನದಿಯ ಬಾಯಿ ತೆರೆದಾಗ ಸಾಗರದಿಂದ ಮೇಲೇರಿ ಬಂದು, ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಕೆದಕಿ ಗುಳಿ ಮಾಡಿ ಮೊಟ್ಟೆಯಿಡುತ್ತದೆ. ಜಲ್ಲಿಯ ಸಂದಿಯಲ್ಲಿ ತಣ್ಣನೆಯ ಶುದ್ಧ ನೀರು ಹಾಯುತ್ತಿದ್ದರೆ ಮಾತ್ರ ಆ ಮೊಟ್ಟೆ ಉಳಿಯುತ್ತದೆ. ಮೇಲೆ ಹೂಳು ಕೂತರೆ ಉಸಿರುಕಟ್ಟಿ ಸಾಯುತ್ತದೆ. ಕೋಹೊ ಬದುಕಿನ ಚಕ್ರ ಮೂರು ವರ್ಷದ್ದು: ಸುಮಾರು ಒಂದೂವರೆ ವರ್ಷ ಹಳ್ಳದಲ್ಲಿ, ಅಷ್ಟೇ ಕಾಲ ಸಮುದ್ರದಲ್ಲಿ, ಒಮ್ಮೆ ಮೊಟ್ಟೆಯಿಟ್ಟ ಮೇಲೆ ಸಾವು. ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿಬರುವ ಮಳೆಬಿಲ್ಲು ಟ್ರೌಟ್. ಅದು ಮೊಟ್ಟೆಯಿಟ್ಟ ಮೇಲೂ ಬದುಕಿ ಮತ್ತೆ ಕಡಲಿಗೆ ಮರಳಬಲ್ಲದು. ಎರಡಕ್ಕೂ ಬಾಲ್ಯದಲ್ಲಿ ಕನಿಷ್ಠ ಒಂದು ಬೇಸಿಗೆಯನ್ನು ಹಳ್ಳದಲ್ಲೇ ಕಳೆಯುವುದು ಅನಿವಾರ್ಯ. ಮುಂದೆ ಬಂದ ಎಲ್ಲ ಜಗಳಗಳ ಬೇರು ಆ ಒಂದು ಬೇಸಿಗೆಯಲ್ಲಿದೆ. ದ್ರಾಕ್ಷಿ ಬಳ್ಳಿಗೆ ನೀರು ಬೇಕಾಗುವುದೂ, ಊರಿಗೆ ನೀರು ಸಾಲದಾಗುವುದೂ ಅದೇ ತಿಂಗಳುಗಳಲ್ಲಿ.

ಕಣಿವೆಯ ಮೂಲನಿವಾಸಿಗಳು ಪೋಮೊ ಜನ. ಡ್ರೈ ಕ್ರೀಕ್ ದಂಡೆಯವರನ್ನು ಮಿಹಿಲಕೌನ ಪೋಮೊ ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ಏರಿಬರುವ ಮೀನನ್ನು ಅಡ್ಡಗಟ್ಟುಗಳಲ್ಲಿ, ಹೆಣೆದ ಕೂಳಿಗಳಲ್ಲಿ ಹಿಡಿದು, ಒಣಗಿಸಿ ಇಟ್ಟುಕೊಳ್ಳುವುದು ಅವರ ಆಹಾರ ಪದ್ಧತಿಯ ಮುಖ್ಯ ಭಾಗವಾಗಿತ್ತು. ಹೊಳೆದಂಡೆ ಅವರಿಗೆ ಕೊಡುತ್ತಿದ್ದುದು ಮೀನನ್ನಷ್ಟೇ ಅಲ್ಲ. ಪೋಮೊ ಬುಟ್ಟಿಗಳು ಜಗತ್ತಿನ ಅತಿ ಸೂಕ್ಷ್ಮ ಹೆಣಿಗೆಯ ಕೆಲಸಗಳಲ್ಲಿ ಸೇರುತ್ತವೆ. ಅವುಗಳ ಹಂದರಕ್ಕೆ ದಂಡೆಯ ವಿಲ್ಲೋ ಕಡ್ಡಿ, ಹೆಣಿಗೆಗೆ ಅಲ್ಲೇ ಮರಳು ಮಣ್ಣಿನಲ್ಲಿ ಹಬ್ಬುವ ಜೇಕಿನ ಉದ್ದನೆಯ ಬೇರು. ಹೆಣೆಯುವ ಹೆಂಗಸರು ಜೇಕಿನ ಪಾತಿಗಳನ್ನು ತಲೆಮಾರುಗಟ್ಟಲೆ ಕಳೆ ತೆಗೆದು, ಮಣ್ಣು ಸಡಿಲಿಸಿ ಪೋಷಿಸಿದ್ದರು. ಬೇರು ನೆಟ್ಟಗೆ, ಉದ್ದಕ್ಕೆ ಬರಬೇಕಾದರೆ ಆ ಆರೈಕೆ ಬೇಕು. ಹೊರಗಿನಿಂದ ಬಂದವರಿಗೆ ಕಾಡು ದಂಡೆಯಾಗಿ ಕಂಡದ್ದು ನಿಜವಾಗಿ ಒಂದು ಬಗೆಯ ತೋಟವಾಗಿತ್ತು.

1812ರಲ್ಲಿ ರಷ್ಯನ್-ಅಮೆರಿಕನ್ ಕಂಪನಿ ಪೆಸಿಫಿಕ್ ಕರಾವಳಿಯಲ್ಲಿ ಫೋರ್ಟ್ ರಾಸ್ ಕೋಟೆಯನ್ನು ಕಟ್ಟಿತು. 1841ರಲ್ಲಿ ರಷ್ಯನ್ನರು ಅದನ್ನು ಮಾರಿ ಹೊರಟುಹೋದರೂ ನದಿಗೆ ಅವರ ಹೆಸರು ಉಳಿಯಿತು. ಒಳನಾಡಿನಲ್ಲಿ 1823ರಲ್ಲಿ ಸ್ಥಾಪನೆಯಾದ ಸನೋಮಾ ಮಿಷನ್ನಿನ ಪಾದ್ರಿಗಳು ಪೂಜೆಯ ವೈನಿಗಾಗಿ ದ್ರಾಕ್ಷಿ ನೆಟ್ಟರು. ಮೆಕ್ಸಿಕೋ ಸರ್ಕಾರ 1840ರ ದಶಕದಲ್ಲಿ ಈ ಪ್ರದೇಶವನ್ನು ದೊಡ್ಡ ದೊಡ್ಡ ಜಹಗೀರುಗಳಾಗಿ ಹಂಚಿತು. ಡ್ರೈ ಕ್ರೀಕ್ ಕಣಿವೆ ರಾಂಚೊ ಟ್ಸಬಾಕೊ ಎಂಬ ಹೆಸರಿನಲ್ಲಿ ಪೀನ್ಯಾ ಮನೆತನದ ಪಾಲಾಯಿತು. 1848ರ ಚಿನ್ನದ ಸುದ್ದಿಗೆ ಓಡಿಬಂದವರಲ್ಲಿ ಗಣಿಯಲ್ಲಿ ಏನೂ ಸಿಗದವರು ಕೃಷಿಗೆ ತಿರುಗಿದರು. ಜಹಗೀರುಗಳು ಒಡೆದು ಗೋಧಿ ಹೊಲಗಳಾದವು. ಪೋಮೊ ಜನ ಸಿಡುಬಿಗೆ, ದಾಳಿಗಳಿಗೆ, ಬಲವಂತದ ಸ್ಥಳಾಂತರಕ್ಕೆ ಸಿಕ್ಕಿ ತಮ್ಮ ನೆಲದಲ್ಲೇ ಕೂಲಿಗಳಾದರು.

ಕಣಿವೆಯಲ್ಲಿ ವ್ಯಾಪಾರಕ್ಕಾಗಿ ವೈನ್ ಮಾಡುವ ಕೆಲಸ 1870ರ ದಶಕದ ಆರಂಭದಲ್ಲಿ ಜಾರ್ಜ್ ಬ್ಲಾಕ್ ಎಂಬ ಫ್ರೆಂಚ್ ವಲಸಿಗನಿಂದ ಶುರುವಾಯಿತು. ಬೆನ್ನಲ್ಲೇ ಇಟಲಿಯ ಕುಟುಂಬಗಳು ಬಂದವು. ಸಿಮಿ ಸೋದರರು 1876ರಲ್ಲಿ ತಮ್ಮ ವ್ಯಾಪಾರ ಆರಂಭಿಸಿ, ಹೀಲ್ಡ್ಸ್‌ಬರ್ಗ್‌ನಲ್ಲಿ ಕಲ್ಲಿನ ವೈನರಿ ಕಟ್ಟಿದರು. ನೀರಾವರಿಯಿಲ್ಲದೆ, ಚಳಿಗಾಲದ ಮಳೆಯನ್ನು ಮಣ್ಣು ಹಿಡಿದಿಟ್ಟುಕೊಂಡಷ್ಟರಲ್ಲೇ ಬೆಳೆಯುವ ಜಿನ್ಫಂಡೆಲ್ ಎಂಬ ಕಪ್ಪು ದ್ರಾಕ್ಷಿ ಇಲ್ಲಿನ ಗುಡ್ಡದ ಕೆಂಪುಮಣ್ಣಿಗೆ ಒಗ್ಗಿತು. ಈ ತಳಿಯ ಮೂಲ ಎಲ್ಲಿಯದೆಂಬ ಪ್ರಶ್ನೆ ಶತಮಾನಕ್ಕೂ ಹೆಚ್ಚು ಕಾಲ ಬಿಡಿಸದೆ ಉಳಿದಿತ್ತು. 2001ರಲ್ಲಿ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಮತ್ತು ಕ್ರೊಯೇಷಿಯಾದ ವಿಜ್ಞಾನಿಗಳು ಡಿಎನ್ಎ ಪರೀಕ್ಷೆಯಿಂದ ಅದು ಏಡ್ರಿಯಾಟಿಕ್ ಕರಾವಳಿಯ ಒಂದು ಹಳೆಯ ತಳಿಯೆಂದು ತೋರಿಸಿದರು. ಹತ್ತೊಂಬತ್ತನೇ ಶತಮಾನದ ಆ ದ್ರಾಕ್ಷಿ ಕೃಷಿ ಹೊಳೆಗೆ ಹೆಚ್ಚಿನ ತೊಂದರೆ ಕೊಟ್ಟಂತೆ ಕಾಣುವುದಿಲ್ಲ. ಬಳ್ಳಿಗಳು ಗುಡ್ಡದ ಇಳಿಜಾರಿನಲ್ಲಿದ್ದವು, ಬೇಸಿಗೆಯಲ್ಲಿ ಅವಕ್ಕೆ ಯಾರೂ ನೀರು ಹಾಯಿಸುತ್ತಿರಲಿಲ್ಲ.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ಚರ್ಚಿನ ವೈನಿಗೆ, ಮನೆಬಳಕೆಗೆ ಮಾಡಿಕೊಳ್ಳುವ ಹಣ್ಣಿನ ರಸಕ್ಕೆ ವಿನಾಯಿತಿ ಇದ್ದುದರಿಂದ ದ್ರಾಕ್ಷಿಯೇನೋ ರೈಲು ಹತ್ತಿ ಪೂರ್ವದ ನಗರಗಳಿಗೆ ಹೋಗುತ್ತಿತ್ತು. ವೈನರಿಗಳು ಮಾತ್ರ ಒಂದೊಂದಾಗಿ ಮುಚ್ಚಿದವು. ಒಣಗಿಸಿ ಮಾರುವ ಪ್ರೂನ್ ಹಣ್ಣಿನ ಮರಗಳು ಕಣಿವೆಯ ತಳವನ್ನು ಆವರಿಸಿದವು. ಮುಂದಿನ ನಾಲ್ಕು ದಶಕ ಹೀಲ್ಡ್ಸ್‌ಬರ್ಗ್ ಸುತ್ತಿನ ಹೆಸರು ಪ್ರೂನಿನಿಂದ. ಟೇಸ್ಟಿಂಗ್ ರೂಮ್ ಎಂಬ ಪದ್ಧತಿಗೆ ಬೀಜ ಬಿದ್ದದ್ದೂ ಈ ಕಷ್ಟಕಾಲದ ಕೊನೆಗೇ. ಹದಿಹರೆಯದಲ್ಲೇ ತಂದೆ, ಚಿಕ್ಕಪ್ಪ ಇಬ್ಬರನ್ನೂ ಕಳೆದುಕೊಂಡು 1904ರಿಂದ ವೈನರಿ ನಡೆಸುತ್ತಿದ್ದ ಇಸಬೆಲ್ ಸಿಮಿ ನಿಷೇಧದ ವರ್ಷಗಳಲ್ಲಿ ದ್ರಾಕ್ಷಿ ತೋಟಗಳನ್ನು ಮಾರಿ, ತಯಾರಾಗಿದ್ದ ವೈನನ್ನು ನೆಲಮಾಳಿಗೆಯಲ್ಲಿ ಉಳಿಸಿಕೊಂಡಳು. ನಿಷೇಧ ತೆರವಾದ ಮೇಲೆ, 1934ರಲ್ಲಿ, ಒಂದು ಭಾರಿ ಮರದ ಪೀಪಾಯಿಯನ್ನು ರಸ್ತೆಬದಿಗೆ ಉರುಳಿಸಿ ತಂದು, ಅದನ್ನೇ ಕೋಣೆಯಾಗಿ ಮಾಡಿ, ದಾರಿಹೋಕರಿಗೆ ವೈನಿನ ರುಚಿ ತೋರಿಸಿ ಮಾರತೊಡಗಿದಳು. ಮಾಡಿದವರ ಕೈಯಿಂದಲೇ ಲೋಟ ಪಡೆದು, ತೋಟದ ಕಥೆ ಕೇಳುತ್ತಾ ಸವಿಯುವ ಇಂದಿನ ಪದ್ಧತಿಯ ಹಿರಿಯ ಹೆಸರುಗಳಲ್ಲಿ ಅವಳದೂ ಒಂದು.

ಅದೇ ಕಾಲಕ್ಕೆ ರಷ್ಯನ್ ನದಿ ಸ್ಟೀಲ್‌ಹೆಡ್ ಗಾಳಕ್ಕೆ ದೇಶವಿಡೀ ಪ್ರಸಿದ್ಧವಾಗಿತ್ತು. ಚಳಿಗಾಲದಲ್ಲಿ ಮೀನು ಏರುವ ಸುದ್ದಿ ಬಂದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಜನ ಹೊರಟು ಬರುತ್ತಿದ್ದರು. ಆದರೆ ನದಿಯ ಪಾತ್ರ ಒಳಗಿಂದಲೇ ಸವೆಯುತ್ತಿತ್ತು. ಎರಡನೇ ಮಹಾಯುದ್ಧದ ನಂತರದ ರಸ್ತೆ, ಕಟ್ಟಡಗಳ ಭರಾಟೆಗೆ ನದಿಯಿಂದ ಅಪಾರ ಜಲ್ಲಿ ತೆಗೆದರು. ನದಿಯ ತಳ ಕುಸಿದಂತೆ ಡ್ರೈ ಕ್ರೀಕಿನ ತಳವೂ ಆಳಕ್ಕಿಳಿದು, ದಡಗಳು ಗೋಡೆಯಂತೆ ಕಡಿದಾದವು. ಮಳೆಗಾಲದ ನೆರೆ ದಡ ಮೀರಿ ಹರಡಿ ಪಕ್ಕದ ಹಿನ್ನೀರುಗಳನ್ನು ತುಂಬುವುದು ನಿಂತಿತು. ಚಳಿಗಾಲದ ರಭಸದಲ್ಲಿ ಮರಿಗಳು ಆಶ್ರಯ ಪಡೆಯುತ್ತಿದ್ದುದು ಆ ಹಿನ್ನೀರುಗಳಲ್ಲೇ.

1972ರಲ್ಲಿ ಡೇವಿಡ್ ಸ್ಟೇರ್ ಪ್ರೂನ್ ತೋಟವೊಂದನ್ನು ಕೊಂಡು ಡ್ರೈ ಕ್ರೀಕ್ ವಿನ್‌ಯಾರ್ಡ್ ಸ್ಥಾಪಿಸಿದ. ಪಾನನಿಷೇಧದ ನಂತರ ಈ ಕಣಿವೆಯಲ್ಲಿ ಹುಟ್ಟಿದ ಮೊದಲ ಹೊಸ ವೈನರಿ ಅದು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮರೆಮಾಡಿ ನಡೆಸಿದ ರುಚಿ ಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ವೈನುಗಳು ಫ್ರಾನ್ಸಿನವನ್ನು ಹಿಂದಿಕ್ಕಿದ ಮೇಲೆ ದ್ರಾಕ್ಷಿ ನೆಲದ ಬೆಲೆ ಏರಿತು. ಅಂದು ಗೆದ್ದ ಬಿಳಿ ವೈನಿಗೆ ಬಳಸಿದ ಹಣ್ಣಿನ ಒಂದು ಪಾಲು ರಷ್ಯನ್ ನದಿಯ ದಂಡೆಯ ತೋಟದ್ದು. ಪ್ರೂನ್ ಮರಗಳು ಉರುಳಿ ಎಲ್ಲೆಡೆ ಬಳ್ಳಿ ಎದ್ದಿತು. 1983ರಲ್ಲಿ ಡ್ರೈ ಕ್ರೀಕ್ ಕಣಿವೆಗೆ ಕೇಂದ್ರ ಸರ್ಕಾರದಿಂದ ತನ್ನದೇ ಆದ ವೈನ್ ಪ್ರದೇಶದ ಮಾನ್ಯತೆ ಸಿಕ್ಕಿತು. ಇಂದು ಇಲ್ಲಿ ಸುಮಾರು 9,000 ಎಕರೆ ದ್ರಾಕ್ಷಿಯಿದೆ.

ಈ ಏಳಿಗೆಯ ಬೆಲೆಯನ್ನು ತೆತ್ತದ್ದು ಹೊಳೆಯ ದಂಡೆ. ಹಳೆಯ ಒಣಭೂಮಿ ಜಿನ್ಫಂಡೆಲಿಗೆ ಬದಲಾಗಿ ಹನಿ ನೀರಾವರಿಯ ತೋಟಗಳು ಬಂದವು. ಬಳ್ಳಿಯ ಸಾಲುಗಳು ನೀರಿನ ಅಂಚಿಗೇ ತಾಗಿದವು. ದಂಡೆಯ ಮರಗಳನ್ನು ಕಡಿಯಲು ಬೆಳೆಗಾರರಿಗೆ ಇನ್ನೊಂದು ಕಾರಣವೂ ಇತ್ತು. ಬಳ್ಳಿಯನ್ನು ಒಣಗಿಸಿ ಕೊಲ್ಲುವ ಪಿಯರ್ಸ್ ರೋಗವನ್ನು ಹರಡುವ ನೀಲಿಹಸಿರು ಜಿಗಿಹುಳು ದಂಡೆಯ ಪೊದೆಗಳಲ್ಲೇ ಬದುಕುತ್ತದೆ. ಪೊದೆ ಹೋದರೆ ಹುಳು ಹೋಗುತ್ತದೆ. ಜೊತೆಗೆ ನೆರಳೂ ಹೋಗುತ್ತದೆ, ನೀರು ಬಿಸಿಯಾಗುತ್ತದೆ. ಗುಡ್ಡದ ಕಾಡು ಕಡಿದು ಮಾಡಿದ ಹೊಸ ತೋಟಗಳಿಂದ ಇಳಿದ ಮಣ್ಣು ಜಲ್ಲಿಯ ಸಂದಿಗಳನ್ನು ತುಂಬಿತು. ಇವುಗಳಲ್ಲಿ ಒಂದನ್ನೇ ಅಪರಾಧಿಯೆಂದು ಬೊಟ್ಟು ಮಾಡುವುದು ನ್ಯಾಯವಲ್ಲ. ಮರ ಕಡಿತ, ಜಲ್ಲಿ, ರಸ್ತೆ, ಊರು, ತೋಟ ಎಲ್ಲವೂ ಸೇರಿಯೇ ಈ ಹಾನಿಯಾಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಅಣೆಕಟ್ಟು.

1955ರ ಡಿಸೆಂಬರ್ ನೆರೆಗೆ ಕೆಳಗಿನ ಊರುಗಳು ಮುಳುಗಿದ ಮೇಲೆ ಅಣೆಕಟ್ಟಿನ ಕೂಗು ಬಲವಾಯಿತು. 1962ರಲ್ಲಿ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು, 1967ರಲ್ಲಿ ಸೇನೆಯ ಎಂಜಿನಿಯರುಗಳ ದಳ ಕೆಲಸ ಆರಂಭಿಸಿತು. ಆಗಷ್ಟೇ ಜಾರಿಗೆ ಬಂದಿದ್ದ ರಾಷ್ಟ್ರೀಯ ಪರಿಸರ ಕಾನೂನನ್ನು ಮುಂದಿಟ್ಟುಕೊಂಡು ಸ್ಥಳೀಯರು ನ್ಯಾಯಾಲಯಕ್ಕೆ ಹೋದರು. ಭೂಕಂಪದ ಅಪಾಯ, ಮುಳುಗಲಿರುವ ಪೋಮೊ ನೆಲೆಗಳು, ಮೀನು, ಎಲ್ಲವನ್ನೂ ವಾದಕ್ಕೆ ತಂದರು. 1974ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ತಡೆ ತೆರವಾಯಿತು, 1980ರ ದಶಕದ ಆರಂಭದಲ್ಲಿ 319 ಅಡಿ ಎತ್ತರದ, ಸುಮಾರು 3,000 ಅಡಿ ಉದ್ದದ ಮಣ್ಣಿನ ಅಣೆಕಟ್ಟು ಪೂರ್ಣವಾಗಿ ಸನೋಮಾ ಸರೋವರ ತುಂಬತೊಡಗಿತು. ಅದರ ಸಾಮರ್ಥ್ಯ ನಮ್ಮ ಲೆಕ್ಕದಲ್ಲಿ ಸುಮಾರು 16.6 ಟಿಎಂಸಿ, ಕನ್ನಂಬಾಡಿಯ ಮೂರನೇ ಒಂದು ಭಾಗದಷ್ಟು.

ಆ ವ್ಯಾಜ್ಯದಿಂದ ಒಂದು ಒಳ್ಳೆಯ ಕೆಲಸವಾಯಿತು. ನೀರಿನಡಿ ಹೋಗಲಿದ್ದ ಜೇಕಿನ ಪಾತಿಗಳ ಬಗ್ಗೆ ಪೋಮೊ ಹೆಣಿಗೆಗಾರ್ತಿಯರನ್ನು ಕೇಳಿ ದಾಖಲಿಸುವ ಅಧ್ಯಯನ ನಡೆಯಿತು. ಎಲ್ಸಿ ಆಲನ್, ಲಾರಾ ಸಾಮರ್ಸಲ್‌ರಂಥ ಹಿರಿಯ ಹೆಣಿಗೆಗಾರ್ತಿಯರ ತಿಳಿವಳಿಕೆ ಅದಕ್ಕೆ ಆಧಾರವಾಯಿತು. ಜೇಕಿನ ಗಿಡಗಳನ್ನು ಕಿತ್ತು ಅಣೆಕಟ್ಟಿನ ಕೆಳಗಿನ ದಂಡೆಗಳಿಗೆ ನಾಟಿ ಮಾಡಲಾಯಿತು. ಒಂದು ಜನಾಂಗದ ಬುಟ್ಟಿ ಹೆಣಿಗೆಗಾಗಿ ಸರ್ಕಾರಿ ಎಂಜಿನಿಯರುಗಳು ಹುಲ್ಲು ನೆಟ್ಟದ್ದು ಅಣೆಕಟ್ಟುಗಳ ಇತಿಹಾಸದಲ್ಲಿ ಅಪರೂಪದ ಸಂಗತಿ. ಮುಳುಗಿದ ನೆಲಕ್ಕೆ ಅದು ಸಾಟಿಯಲ್ಲದಿದ್ದರೂ ಅದರ ಬೆಲೆ ಕಡಿಮೆಯಲ್ಲ.

ಅಣೆಕಟ್ಟಿನಲ್ಲಿ ಮೀನು ಹತ್ತಿ ದಾಟುವ ವ್ಯವಸ್ಥೆ ಇಲ್ಲ. ಮೇಲ್ಗಡೆಯ ಹಳ್ಳಗಳೆಲ್ಲ ಅದಕ್ಕೆ ಶಾಶ್ವತವಾಗಿ ಮುಚ್ಚಿದವು. ಆ ನಷ್ಟಕ್ಕೆ ಪರಿಹಾರವೆಂದು ಕಟ್ಟಿದ್ದೇ ಮೀನುಮರಿ ಕೇಂದ್ರ. 1980ರಲ್ಲಿ ತೆರೆದ ಇದಕ್ಕೆ ಆ ಪ್ರದೇಶದ ಸಂಸದನಾಗಿದ್ದ ಡಾನ್ ಕ್ಲಾಸನ್‌ನ ಹೆಸರಿದೆ. ಕಟ್ಟಡ ಸೇನೆಯ ದಳದ್ದು, ಮೀನು ಸಾಕುವ ಕೆಲಸ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯದು. ಕರ್ನಾಟಕದಲ್ಲಿ ಭದ್ರಾ, ತುಂಗಭದ್ರಾ ಜಲಾಶಯಗಳ ಬಳಿಯ ಕೇಂದ್ರಗಳಲ್ಲಿ ಕಾಟ್ಲಾ, ರೋಹು ಮೀನುಗಳ ಬಿತ್ತನೆ ಮರಿ ಬೆಳೆಸಿ ಕೆರೆಗೆ ಬಿಡುವುದು ಜನರ ಊಟಕ್ಕಾಗಿ. ಇಲ್ಲಿನ ಉದ್ದೇಶ ಬೇರೆ. ಒಂದು ನದಿಯ ವಂಶ ಅಳಿಯದಂತೆ ನೋಡಿಕೊಳ್ಳುವುದೇ ಇಲ್ಲಿನ ಕೆಲಸ.

ಆ ಕೆಲಸ ಸಾಗುವ ರೀತಿ ಹೀಗೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸಮುದ್ರದಿಂದ ಬರುವ ಸ್ಟೀಲ್‌ಹೆಡ್ ಹೊಳೆಯಿಂದ ಕೇಂದ್ರದೊಳಕ್ಕೆ ಕಟ್ಟಿರುವ ಮೀನೇಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಜಿಗಿದು ಬರುತ್ತದೆ. ಮರಿಯಾಗಿದ್ದಾಗ ಯಾವ ನೀರಿನ ವಾಸನೆ ನೆನಪಿನಲ್ಲಿ ಉಳಿಯಿತೋ ಅದೇ ನೀರು ಏಣಿಯಿಂದ ಹರಿಯುತ್ತಿರುವುದರಿಂದ ಅದನ್ನು ಯಾರೂ ಕರೆತರಬೇಕಿಲ್ಲ. ಒಳಗೆ ಬಂದ ಮೀನಿಗೆ ಮಂಪರು ಬರಿಸಿ, ಹೊಟ್ಟೆ ಮುಟ್ಟಿ ಹದವಾಗಿದೆಯೇ ಎಂದು ನೋಡುತ್ತಾರೆ. ಹದವಾದ ಹೆಣ್ಣಿನ ಮೊಟ್ಟೆಗಳನ್ನು ಪಾತ್ರೆಗೆ ತೆಗೆದು, ಗಂಡಿನ ವೀರ್ಯ ಬೆರೆಸಿ, ನೀರು ಸೇರಿಸುತ್ತಾರೆ. ನೀರು ತಾಗಿದ ಕ್ಷಣದಿಂದ ಫಲಿತವಾಗಲು ಇರುವ ಸಮಯ ಬಹಳ ಸ್ವಲ್ಪ. ಆಮೇಲೆ ಮೊಟ್ಟೆಗಳು ತಣ್ಣೀರು ಹಾಯುವ ತಟ್ಟೆಗಳಿಗೆ ಹೋಗುತ್ತವೆ. ಒಡೆದು ಬಂದ ಮರಿ ಕೆಲವು ವಾರ ತನ್ನ ಹೊಟ್ಟೆಗೆ ಅಂಟಿದ ಅರಿಶಿನ ಬಣ್ಣದ ಚೀಲವನ್ನೇ ಉಂಡು ಬೆಳೆಯುತ್ತದೆ. ಅದು ಕರಗಿದ ಮೇಲೆ ಉದ್ದನೆಯ ಸಿಮೆಂಟ್ ಕಾಲುವೆಗಳಲ್ಲಿ ಒಂದು ವರ್ಷ ಸಾಕಿ, ಮುಂದಿನ ಚಳಿಗಾಲದಲ್ಲಿ ಹೊಳೆಗೆ ಬಿಡುತ್ತಾರೆ. ಸ್ಟೀಲ್‌ಹೆಡ್ ಮರಿಗಳ ವಾರ್ಷಿಕ ಗುರಿ 3 ಲಕ್ಷ. ಬಿಡುವ ಮೊದಲು ಪ್ರತಿ ಮರಿಯ ಬೆನ್ನಿನ ಹಿಂಭಾಗದಲ್ಲಿರುವ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸುತ್ತಾರೆ. ಮುಂದೆ ಗಾಳಕ್ಕೆ ಸಿಕ್ಕಾಗ ರೆಕ್ಕೆಯಿಲ್ಲದ ಮೀನನ್ನು ಮನೆಗೆ ಒಯ್ಯಬಹುದು. ರೆಕ್ಕೆಯಿರುವುದು ಹೊಳೆಯಲ್ಲೇ ಹುಟ್ಟಿದ್ದು, ಅದನ್ನು ಬಿಟ್ಟುಬಿಡಬೇಕು. ಸಂದರ್ಶಕರು ಮೇಲಿನ ಮೊಗಸಾಲೆಯಲ್ಲಿ ಗಾಜಿನಾಚೆ ನಿಂತು ನೋಡುವುದು ಇದನ್ನೆಲ್ಲ.

ಮೀನುಮರಿ ಕೇಂದ್ರವೊಂದು ಹೊಳೆಗೆ ಬದಲಿಯಾಗಲಾರದು ಎಂಬುದಕ್ಕೆ ಕೋಹೊ ಸಾಲ್ಮನ್ನಿನ ಕಥೆಯೇ ಸಾಕ್ಷಿ. ಆರಂಭದ ವರ್ಷಗಳಲ್ಲಿ ಬೇರೆ ನದಿಗಳ ಕೋಹೊ ತಳಿಯನ್ನೂ ತಂದು ಮರಿ ಮಾಡಿ ಬಿಟ್ಟರು. ಸಂತತಿ ಹೆಚ್ಚಲಿಲ್ಲ, 1990ರ ದಶಕದ ಕೊನೆಗೆ ಆ ಪ್ರಯತ್ನ ನಿಂತಿತು. ಒಂದು ಕಾಲಕ್ಕೆ ಸಾವಿರಗಟ್ಟಲೆ ಬರುತ್ತಿದ್ದ ಕೋಹೊ ಹೊಸ ಶತಮಾನ ಹುಟ್ಟುವ ವೇಳೆಗೆ ಇಡೀ ರಷ್ಯನ್ ನದಿ ವ್ಯವಸ್ಥೆಯಲ್ಲಿ ವರ್ಷಕ್ಕೆ ಹತ್ತರಷ್ಟೂ ಉಳಿಯಲಿಲ್ಲ. 1996ರಲ್ಲಿ ಈ ಕರಾವಳಿಯ ಕೋಹೊ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಬೆದರಿಕೆಗೊಳಗಾದ ಜೀವಿಯಾಗಿ, 2005ರಲ್ಲಿ ಅಳಿವಿನಂಚಿನ ಜೀವಿಯಾಗಿ ಸೇರಿತು.

2001ರಲ್ಲಿ ಕೊನೆಯ ಪ್ರಯತ್ನವೆಂಬಂತೆ ಹೊಸ ಯೋಜನೆ ಆರಂಭವಾಯಿತು. ಗ್ರೀನ್ ವ್ಯಾಲಿಯಂಥ ಹಳ್ಳಗಳಲ್ಲಿ ಇನ್ನೂ ಉಳಿದಿದ್ದ ಕಾಡು ಕೋಹೊ ಮರಿಗಳನ್ನು ಹಿಡಿದು ತಂದು, ಕೇಂದ್ರದ ತೊಟ್ಟಿಗಳಲ್ಲೇ ಪ್ರಾಯಕ್ಕೆ ಬರುವವರೆಗೆ ಸಾಕಿದರು. ಇಷ್ಟು ಕಡಿಮೆ ಮೀನುಗಳಿಂದ ವಂಶ ಬೆಳೆಸುವಾಗ ಒಡಹುಟ್ಟಿದವು ಕೂಡಿಬಿಡುವ ಅಪಾಯವಿದೆ. ಅದಕ್ಕಾಗಿ ಪ್ರತಿ ಮೀನಿನ ರೆಕ್ಕೆಯ ಚೂರನ್ನು ಸಾಂಟಾ ಕ್ರೂಸ್‌ನ ಪ್ರಯೋಗಾಲಯಕ್ಕೆ ಕಳಿಸಿ, ಯಾವ ಹೆಣ್ಣಿಗೆ ಯಾವ ಗಂಡು ದೂರದ ಸಂಬಂಧ ಎಂಬ ಪಟ್ಟಿ ತರಿಸಿಕೊಂಡು, ಅದರಂತೆ ಮಾತ್ರ ಜೋಡಿ ಮಾಡುತ್ತಾರೆ. ಸಗೋತ್ರ ನೋಡಿ ಹೆಣ್ಣು ಗಂಡು ಗೊತ್ತುಮಾಡುವ ಹಿರಿಯರ ಎಚ್ಚರ ಇಲ್ಲಿ ಜೀನುಗಳ ಲೆಕ್ಕದಲ್ಲಿ ನಡೆಯುತ್ತದೆ. 2004ರ ಶರತ್ಕಾಲದಲ್ಲಿ ಮೊದಲ ತಂಡದ ಆರು ಸಾವಿರದಷ್ಟು ಮರಿಗಳು ಹಳ್ಳಗಳಿಗೆ ಇಳಿದವು. ಮುಂದೆ ಬಿಡುಗಡೆಯ ಸಂಖ್ಯೆ ಲಕ್ಷ ದಾಟಿತು. ಹಿಂದಿರುಗುವ ಮೀನು ಕೆಲವು ಚಳಿಗಾಲಗಳಲ್ಲಿ ನೂರಾರಾಯಿತು. ಅಳಿದೇಹೋಗಲಿದ್ದ ವಂಶ ಉಳಿಯಿತು. ಆದರೆ ಅದು ಕೇಂದ್ರದ ನೆರವಿಲ್ಲದೆ ತಾನಾಗಿ ನಿಲ್ಲುವ ಹಂತ ಇನ್ನೂ ಬಹಳ ದೂರವಿದೆ.

ಕೇಂದ್ರದಿಂದ ಬಿಟ್ಟ ಮರಿಗೆ ಹೊಳೆಯಲ್ಲಿ ಮನೆಯೇ ಇಲ್ಲವಾದರೆ ಸಾಕಿ ಪ್ರಯೋಜನವೇನು? ಈ ಪ್ರಶ್ನೆಗೆ ಉತ್ತರ ಬಂದದ್ದು 2008ರಲ್ಲಿ. ಸನೋಮಾ ಸರೋವರದ ನೀರನ್ನು ಸುಮಾರು 6 ಲಕ್ಷ ಜನರ ಕುಡಿಯುವ ಬಳಕೆಗೆ ಒಯ್ಯಲು ಪ್ರತ್ಯೇಕ ಕೊಳವೆ ಇಲ್ಲ. ಡ್ರೈ ಕ್ರೀಕ್ ಹೊಳೆಯೇ ಕಾಲುವೆ. ಹಿಂದೆ ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆ ಈಗ ಬೇಸಿಗೆಯಲ್ಲಿ 100 ಕ್ಯೂಸೆಕ್‌ಗೂ ಹೆಚ್ಚಾಗಿ ಹರಿಯುತ್ತದೆ. ಅಣೆಕಟ್ಟಿನ ಆಳದಿಂದ ಬರುವ ಆ ನೀರು ಸಾಲ್ಮನ್ನಿಗೆ ಹೇಳಿಮಾಡಿಸಿದಷ್ಟು ತಂಪು. ಆದರೆ ಆಳವಾಗಿ ನೆಟ್ಟಗಾದ ಪಾತ್ರದಲ್ಲಿ ಅದರ ರಭಸಕ್ಕೆ ಬೆರಳುದ್ದದ ಕೋಹೊ ಮರಿ ನಿಲ್ಲಲಾರದು. ರಾಷ್ಟ್ರೀಯ ಸಾಗರ ಮೀನುಗಾರಿಕೆ ಸೇವೆ 2008ರಲ್ಲಿ ಕೊಟ್ಟ ತೀರ್ಮಾನ ಎರಡು ದಾರಿ ತೋರಿಸಿತು: ಹೊಳೆಯ 14 ಮೈಲಿಗಳಲ್ಲಿ ಆರು ಮೈಲಿಯನ್ನು ಮೀನಿಗೆ ತಕ್ಕಂತೆ ಸರಿಪಡಿಸುವುದು, ಅದು ಫಲಿಸದಿದ್ದರೆ ನೀರಿಗೆ ಪ್ರತ್ಯೇಕ ಕೊಳವೆ ಹಾಕುವುದು. ಮೊದಲನೆಯದನ್ನು ಕೈಗೆತ್ತಿಕೊಳ್ಳಲಾಯಿತು.

ವೈನರಿಗಳು ಈ ಕಥೆಯೊಳಗೆ ಹೊಸ ಪಾತ್ರದಲ್ಲಿ ಬರುವುದು ಇಲ್ಲಿಂದ. ಹೊಳೆಯ ದಂಡೆಯ ಬಹುಪಾಲು ಖಾಸಗಿ ದ್ರಾಕ್ಷಿ ತೋಟ. ಮಾಲೀಕರು ಒಪ್ಪದೆ ಒಂದು ಗುದ್ದಲಿ ಮಣ್ಣೂ ತೆಗೆಯುವಂತಿರಲಿಲ್ಲ. ಒಬ್ಬೊಬ್ಬರಾಗಿ ಒಪ್ಪಿದರು. ಕೆಲವರು ಬಳ್ಳಿಯ ಸಾಲುಗಳನ್ನು ಹಿಂದಕ್ಕೆ ಸರಿಸಿ ದಂಡೆಯ ಪಟ್ಟಿಯನ್ನು ಬಿಟ್ಟುಕೊಟ್ಟರು. ಅಲ್ಲಿ ಪಕ್ಕದ ಕಾಲುವೆಗಳನ್ನು, ಹಿನ್ನೀರಿನ ಮಡುಗಳನ್ನು ತೋಡಲಾಯಿತು. ಬೇರುಸಹಿತ ಮರದ ದಿಮ್ಮಿಗಳನ್ನು, ಬಂಡೆಗಳನ್ನು ಹೂತು ನೀರಿನ ಓಟಕ್ಕೆ ತಡೆ ಒಡ್ಡಲಾಯಿತು. ಸ್ಥಳೀಯ ವಿಲ್ಲೋ, ಆಲ್ಡರ್ ಗಿಡಗಳನ್ನು ನೆಡಲಾಯಿತು. ಮೊದಲ ಒಂದು ಮೈಲಿಯ ಮಾದರಿ ಕೆಲಸ 2010ರ ದಶಕದ ಮೊದಲಾರ್ಧದಲ್ಲಿ ಮುಗಿಯಿತು. ಕೆಲವು ತೋಟದವರು ಸರ್ಕಾರಕ್ಕಿಂತ ಮುಂಚೆಯೇ ಎಚ್ಚೆತ್ತಿದ್ದರು. ಕ್ವಿವೀರಾ ವೈನರಿ ತನ್ನ ಜಮೀನಿನಲ್ಲಿ ಹರಿಯುವ ವೈನ್ ಕ್ರೀಕ್ ಎಂಬ ಹಳ್ಳವನ್ನು ಮೀನಿಗಾಗಿ ಸರಿಪಡಿಸುವ ಕೆಲಸವನ್ನು ಮೊದಲೇ ಹಿಡಿದಿತ್ತು. ಮಣ್ಣು ಹಳ್ಳಕ್ಕೆ ಇಳಿಯದಂತೆ ಬೇಸಾಯ ಮಾಡುವವರನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಫಿಶ್ ಫ್ರೆಂಡ್ಲಿ ಫಾರ್ಮಿಂಗ್ ಎಂಬ ಕಾರ್ಯಕ್ರಮವೂ ಇದೇ ನದಿಯ ಸುತ್ತ ಬೆಳೆಯಿತು.

ಎಲ್ಲವೂ ಸೌಹಾರ್ದದಲ್ಲೇ ನಡೆಯಿತೆಂದಲ್ಲ. ವಸಂತದ ಮುಂಜಾನೆಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ದ್ರಾಕ್ಷಿಯ ಎಳೆ ಚಿಗುರು ಸುಡುತ್ತದೆ. ಅದನ್ನು ತಡೆಯಲು ಬೆಳೆಗಾರರು ಬಳ್ಳಿಯ ಮೇಲೆ ನೀರು ಸಿಂಪಡಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖ ಚಿಗುರನ್ನು ಕಾಯುತ್ತದೆ. 2008ರ ಏಪ್ರಿಲ್‌ನಲ್ಲಿ ಒಂದೇ ಹೊತ್ತಿಗೆ ನೂರಾರು ಪಂಪುಗಳು ಓಡಿ ರಷ್ಯನ್ ನದಿಯ ಕೆಲವು ಭಾಗ, ಕೆಲವು ಹಳ್ಳಗಳು ಹಠಾತ್ತನೆ ಇಳಿದವು. ಕೋಹೊ, ಸ್ಟೀಲ್‌ಹೆಡ್ ಮರಿಗಳು ಜಲ್ಲಿಯ ಮೇಲೆ ಸಿಕ್ಕಿ ಸತ್ತವು. ರಾಜ್ಯದ ಜಲಮಂಡಳಿ 2011ರಲ್ಲಿ ಇದಕ್ಕೆ ನಿಯಮ ತಂದಿತು. ಬೆಳೆಗಾರರು ಪ್ರಶ್ನಿಸಿದರು, ಕೆಳ ನ್ಯಾಯಾಲಯ ರದ್ದುಮಾಡಿದ್ದ ಆ ನಿಯಮವನ್ನು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಹಲವರು ಈಗ ನೀರಿಗೆ ಬದಲು ಗಾಳಿ ಬೀಸುವ ದೊಡ್ಡ ಪಂಖಗಳನ್ನು ನಿಲ್ಲಿಸಿದ್ದಾರೆ, ಇಲ್ಲವೇ ಮಳೆಗಾಲದಲ್ಲಿ ತುಂಬಿಟ್ಟ ಕೊಳಗಳಿಂದ ನೀರು ತೆಗೆಯುತ್ತಾರೆ.

2020ರ ಆಗಸ್ಟ್‌ನಲ್ಲಿ ಕಣಿವೆಯ ಪಶ್ಚಿಮದ ಬೆಟ್ಟಗಳಲ್ಲಿ ವಾಲ್‌ಬ್ರಿಡ್ಜ್ ಕಾಳ್ಗಿಚ್ಚು ಹಬ್ಬಿತು. ಕೋಹೊ ಮರಿಗಳ ನೆಲೆಯಾದ ಮಿಲ್ ಕ್ರೀಕ್ ಹಳ್ಳದ ಜಲಾನಯನ ಸುಟ್ಟಿತು. ಹೊಗೆಯ ವಾಸನೆ ಹಿಡಿದ ದ್ರಾಕ್ಷಿಯನ್ನು ಎಷ್ಟೋ ತೋಟದವರು ಕೊಯ್ಯದೆ ಬಿಟ್ಟರು. ಮರುವರ್ಷ ಭೀಕರ ಬರ. ಸನೋಮಾ ಸರೋವರ ಕುಗ್ಗಿ, ಕೇಂದ್ರಕ್ಕೆ ಬರುವ ನೀರು ಕೋಹೊ ತಾಳಲಾರದಷ್ಟು ಬೆಚ್ಚಗಾಗುವ ಭಯ ಎದುರಾಯಿತು. ಆಗ ಇಲಾಖೆಯವರು ಸುಮಾರು 4,000 ಕೋಹೊಗಳನ್ನು ಲಾರಿಯಲ್ಲಿ ಪೆಟಲೂಮಾ ಪಟ್ಟಣದ ಕಾಸಾ ಗ್ರಾಂಡೆ ಹೈಸ್ಕೂಲಿಗೆ ಸಾಗಿಸಿದರು. ಆ ಶಾಲೆಯ ಆವರಣದಲ್ಲಿ ವಿದ್ಯಾರ್ಥಿಗಳೇ ನಡೆಸುವ ಮೀನುಮರಿ ಕೇಂದ್ರವೊಂದಿದೆ. ಅಳಿವಿನಂಚಿನ ವಂಶವೊಂದರ ಬೇಸಿಗೆಯ ಆರೈಕೆ ಹೈಸ್ಕೂಲು ಮಕ್ಕಳ ಪಾಲಿಗೆ ಬಂತು.

ಇಂದಿನ ವಿಹಾರ ಈ ಎಲ್ಲದರ ಮೇಲೆ ನಿಂತಿದೆ. ಪ್ರತಿ ಫೆಬ್ರವರಿಯಲ್ಲಿ ಕೇಂದ್ರದ ಆವರಣದಲ್ಲಿ ನಡೆಯುವ ಸ್ಟೀಲ್‌ಹೆಡ್ ಉತ್ಸವದಲ್ಲಿ ಮೀನೇಣಿಯ ದರ್ಶನ, ಮಕ್ಕಳಿಗೆ ಗಾಳದ ಪಾಠ, ಸ್ಥಳೀಯ ಊಟ, ವೈನ್ ಒಟ್ಟಿಗಿರುತ್ತವೆ. ಉಳಿದ ದಿನಗಳಲ್ಲೂ ಪಕ್ಕದ ಮಿಲ್ಟ್ ಬ್ರ್ಯಾಂಟ್ ಸಂದರ್ಶಕ ಕೇಂದ್ರದಿಂದ ಜನ ಒಳಬರುತ್ತಾರೆ. ಆದರೆ ಮೀನಿನ ಕಾಲ, ದ್ರಾಕ್ಷಿಯ ಕಾಲ ಒಂದೇ ಅಲ್ಲ. ಏಣಿ ಹತ್ತುವ ಮೀನು ಕಾಣಬೇಕಾದರೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಆಗ ಬಳ್ಳಿಗಳು ಎಲೆಯುದುರಿ ಬೋಳಾಗಿರುತ್ತವೆ, ಸಾಲುಗಳ ನಡುವೆ ಹಳದಿ ಸಾಸಿವೆ ಹೂ ತುಂಬಿರುತ್ತದೆ. ಸೆಪ್ಟೆಂಬರಿನ ಕೊಯ್ಲಿಗೆ ಬಂದವರಿಗೆ ಏಣಿ ಖಾಲಿ ಕಾಣುತ್ತದೆ, ಕಾಲುವೆಗಳಲ್ಲಿ ಮರಿಗಳು ಮಾತ್ರ. ಅಣೆಕಟ್ಟಿನಿಂದ ಡ್ರೈ ಕ್ರೀಕ್ ರಸ್ತೆ ಹಿಡಿದು ಕೆಳಗಿಳಿಯುವಾಗ, ದಂಡೆಗೆ ಹೊಂದಿಕೊಂಡ ಕೆಲವು ವೈನರಿಗಳಲ್ಲಿ ಲೋಟ ಕೈಗೆ ಕೊಡುವವರನ್ನು ಕೇಳಿದರೆ ತೋಟದ ಹಿಂಬದಿಯ ಮಡುವನ್ನೂ, ಅದಕ್ಕಾಗಿ ಬಿಟ್ಟುಕೊಟ್ಟ ಬಳ್ಳಿಯ ಸಾಲು ಎಲ್ಲಿತ್ತೆಂಬುದನ್ನೂ ತೋರಿಸುತ್ತಾರೆ.